ಕೊನೆಯ ಪಂಕ್ತಿ

ನಮ್ಮ ಪ್ರೊಫೆಸರರ ಬಲಗಾಲಿನ ಹೆಬ್ಬೆರಳು ಕಾಲುಚೀಲದ ತೂತಿನಿಂದ ಸದಾ ಹೊರಗೆ ಇಣುಕುತ್ತಿತ್ತು. ವೈದ್ಯಕೀಯ ಸಮ್ಮೇಳನಗಳಲ್ಲಿ ಅವರು ಮೊದಲ ಸಾಲಿನಲ್ಲಿ ಕೂತು, ಬೂಟು ಕಳಚಿ ಕಣ್ಣು ಮುಚ್ಚಿದರೆ, ನಿದ್ದೆ ಹೋದರೆಂದೇ ಎಲ್ಲರೂ ತಿಳಿಯುತ್ತಿದ್ದರು. ಹೆಬ್ಬೆರಳು ಮಾತ್ರ ತಾಳ ಹಾಕಿದಂತೆ ಅಲ್ಲಾಡುತ್ತಿತ್ತು. ಅದು ನಿಂತರೆ, ಓದುತ್ತಿರುವವರು ಎಲ್ಲೋ ತಪ್ಪಿದ್ದಾರೆ ಎಂದರ್ಥ. ಅವರ ಕೈಕೆಳಗಿನ ನಾವು ವೇದಿಕೆ ಹತ್ತಿದಾಗ ಸಭಿಕರ ಮುಖ ನೋಡುತ್ತಿರಲಿಲ್ಲ. ಆ ಬೆರಳನ್ನು ನೋಡುತ್ತಿದ್ದೆವು.

ಧಾರವಾಡದವರು. ಮುಂಬಯಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವರ ಮಾತು ಇನ್ನೂ ಊರು ಬಿಟ್ಟಿರಲಿಲ್ಲ. ನಮ್ಮ ಪೇಪರುಗಳ ತಾಲೀಮು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ, ಅದೂ ಅಡುಗೆಮನೆ ಬಾಗಿಲಿನ ಪಕ್ಕದ ಮೇಜಿನಲ್ಲಿ. "ಏಕ್ ಸಾದಾ, ದೋ ಇಡ್ಲಿ" ಎಂಬ ಕೂಗಾಟದ ನಡುವೆ ನಾನು ಕ್ಷಯರೋಗಿಯ ಕಫದ ಬಗ್ಗೆ ಗಟ್ಟಿಯಾಗಿ ಓದಬೇಕು. ಪಕ್ಕದವರು ತಟ್ಟೆ ಎತ್ತಿಕೊಂಡು ದೂರ ಹೋಗುತ್ತಿದ್ದರು.

"ಓದವಾ, ಓದು. ಇಲ್ಲೆ ಕೇಳಿಸಿತಂದ್ರ ಎಲ್ಲೆ ಬೇಕಾದ್ರೂ ಕೇಳಸ್ತದ."

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನನ್ನ ಮೊದಲ ಪೇಪರು, ಔಷಧಿಯನ್ನು ಅರ್ಧಕ್ಕೇ ಬಿಟ್ಟ ಕ್ಷಯರೋಗಿಗಳ ಬಗ್ಗೆ. ಚಾಳುಗಳಲ್ಲಿ ಅವರನ್ನು ಹುಡುಕಿ ಕೇಳಿದಾಗ ಬಹಳ ಮಂದಿ ಹೇಳಿದ್ದು ಒಂದೇ ಮಾತು: ಕೆಲಸ ಮುಗಿಸಿ ಬರುವಷ್ಟರಲ್ಲಿ ದವಾಖಾನೆಯ ಬಾಗಿಲು ಮುಚ್ಚಿರುತ್ತದೆ. ಅದನ್ನು ಸಂಜೆ ತೆರೆಯಬೇಕಾದರೆ ಒಬ್ಬ ಆರೋಗ್ಯಾಧಿಕಾರಿ ಮನಸ್ಸು ಮಾಡಬೇಕಿತ್ತು. ಅವರು ಸಮ್ಮೇಳನಕ್ಕೆ ಬರುವವರಿದ್ದರು. ಆದರೆ ನನಗೆ ಸಿಕ್ಕಿದ್ದು ಕೊನೆಯ ದಿನ, ಭಾನುವಾರ, ಊಟವಾದ ಮೇಲಿನ ಹೊತ್ತು.

ಸಮ್ಮೇಳನಗಳಿಗೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಶ್ರೀಖಂಡ ಮುಗಿಯುತ್ತಲೇ ಅರ್ಧ ಜನ ಸೀರೆ ಅಂಗಡಿಗೆ, ಇನ್ನರ್ಧ ಸ್ಟೇಷನ್ನಿಗೆ. ಉಳಿಯುವುದು ಅಧ್ಯಕ್ಷರು, ಸ್ಲೈಡ್ ಹಾಕುವವನು ಮತ್ತು ಫ್ಯಾನು. ನಾನು ಚಿಂತೆ ಮಾಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ನೇರ ಪ್ರೊಫೆಸರರ ಕೋಣೆಗೇ ಹೋದೆ.

"ಯಾರೂ ಇರಲ್ಲ ಸರ್. ಆ ಆಫೀಸರ್ ಅಂತೂ ಕೈ ತೊಳ್ಕೊಂಡು ಹೊರಟೇ ಹೋಗ್ತಾರೆ."

"ಲಗ್ನದಾಗ ಕಡೀ ಪಂಕ್ತಿ ಅಂದ್ರ ಹಂಗಽ ಅದವಾ. ಆದ್ರ ಅವರಿಗೂ ಹೋಳಿಗಿ ಉಳೀಬೇಕಲ್ಲ? ನೋಡೂಣು."

ಅಚ್ಚಾಗಿ ಬಂದ ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ನಂತರ ಇನ್ನೊಂದು ಹೆಸರಿತ್ತು. ಅವರದೇ. ಅವರ ಉಪನ್ಯಾಸ ಕೇಳಲು ದೆಹಲಿ, ಮದರಾಸುಗಳಿಂದ ಜನ ಬರುತ್ತಿದ್ದ ಕಾಲ. ಮೊದಲ ದಿನ ಬೆಳಿಗ್ಗೆಯ ಹೊತ್ತು ಅವರಿಗೆಂದೇ ಮೀಸಲು. ಸಂಘಟಕರು ಗೊಣಗಿದರೆ, "ಮುಂಜಾನೆ ನನಗ ಮೈ ನೆಟ್ಟಗಿರೂದಿಲ್ಲ" ಎಂದರಂತೆ. ನಾನು ಅದನ್ನೂ ನಂಬಿ, ಅವರ ಆರೋಗ್ಯದ ಚಿಂತೆಯನ್ನೂ ತಲೆಗೆ ಹಚ್ಚಿಕೊಂಡೆ.

ಆ ಭಾನುವಾರ ಅವರು ಕೈಬೀಸಿಕೊಂಡು ಬಂದರು.

"ಸರ್, ಸ್ಲೈಡ್ಸ್ ಎಲ್ಲಿ? ಟ್ಯಾಕ್ಸೀಲಿ ಬಿಟ್ರಾ?"

"ಎಲ್ಲೆರ ಇರ್ತಾವ. ನಿನ್ನವು ತಂದೀಯಿಲ್ಲೋ?"

ನನ್ನವು ತಲೆಕೆಳಗಾಗಿವೆಯೇ ಎಂದು ಬೆಳಕಿಗೆ ಹಿಡಿಹಿಡಿದು ನೋಡಿ, ಒಂದೊಂದರ ಮೇಲೂ ಬೆರಳಚ್ಚು ಮೂಡಿಸಿದ್ದೆ.

ಸಭಾಂಗಣ ತುಂಬಿತ್ತು. ನನಗಾಗಿ ಅಲ್ಲ, ನಿಜ. ಮದುವೆಗೆ ಬಂದವರು ಹೆಣ್ಣನ್ನೂ ಒಮ್ಮೆ ನೋಡುವಂತೆ ನನ್ನನ್ನೂ ಕೇಳಿಸಿಕೊಂಡರು. ಓದಿ ಮುಗಿಸಿದಾಗ ಆ ಅಧಿಕಾರಿ ಎದ್ದು ನಿಂತರು: ಸಂಜೆ ತೆರೆದರೆ ಇವರೆಲ್ಲ ಬಂದೇ ಬರುತ್ತಾರೆಂದು ಏನು ಗ್ಯಾರಂಟಿ?

ಮೊದಲ ಸಾಲಿನತ್ತ ನೋಡಿದೆ. ಕಣ್ಣು ಮುಚ್ಚಿತ್ತು. ಹೆಬ್ಬೆರಳು ಅಲ್ಲಾಡುತ್ತಲೇ ಇತ್ತು.

"ಗ್ಯಾರಂಟಿ ಇಲ್ಲ ಸರ್," ಎಂದೆ. "ಆದರೆ ಈಗ ಅವರು ಬರುತ್ತಿದ್ದಾರೆ. ಬಂದು, ಬೀಗ ನೋಡಿ ವಾಪಸು ಹೋಗುತ್ತಿದ್ದಾರೆ."

ಅಧಿಕಾರಿ ಕೂತರು. ಅಧ್ಯಕ್ಷರು ಪ್ರೊಫೆಸರರ ಹೆಸರು ಕರೆದರು. ಅವರು ನಿಧಾನವಾಗಿ ಬೂಟು ಹಾಕಿಕೊಂಡು, ವೇದಿಕೆಗೂ ಹೋಗದೆ, ನಿಂತಲ್ಲೇ ಇಂಗ್ಲಿಷಿನಲ್ಲಿ ಹೇಳಿದರು: "ನಾನು ಹೇಳಬೇಕಾದದ್ದನ್ನು ಈ ಹುಡುಗಿ ಈಗ ಹೇಳಿದ್ದಾಳೆ. ನನ್ನ ಹತ್ತಿರ ಬೇರೇನೂ ಇಲ್ಲ. ನಿಮ್ಮ ಗಾಡಿಗಳಿಗೆ ಹೊತ್ತಾಗುತ್ತದೆ."

ಮದರಾಸಿನವರೊಬ್ಬರು ಮುಖ ಕೆಂಪಗೆ ಮಾಡಿಕೊಂಡು ಹೊರನಡೆದರು. ಮೆಟ್ಟಿಲಿಳಿಯುವಾಗ ಇವರು ನನ್ನತ್ತ ತಿರುಗಿ, "ಉಳೀತಲ್ಲವಾ ಹೋಳಿಗಿ?" ಎಂದರು.

ಮುಂದಿನ ಮಳೆಗಾಲದ ಹೊತ್ತಿಗೆ ದವಾಖಾನೆ ವಾರಕ್ಕೆರಡು ಸಂಜೆ ತೆರೆಯಿತು. ಔಷಧಿ ಬಿಟ್ಟವರೆಲ್ಲ ಬರಲಿಲ್ಲ, ಕೆಲವರು ಬಂದರು. ಆ ಕೆಲವರು ಬದುಕಿದರು.

ನಿವೃತ್ತರಾದ ಕೆಲವೇ ವರ್ಷಗಳಲ್ಲಿ ಅವರು ಸಯನ್‌ನ ತಮ್ಮ ಫ್ಲ್ಯಾಟಿನಲ್ಲಿ ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದಾಗ ಪಾದಗಳವರೆಗೂ ಬಿಳಿ ಬಟ್ಟೆ ಹೊದಿಸಿದ್ದರು. ಎಲ್ಲರೂ ಮುಖ ನೋಡುತ್ತಿದ್ದರು. ನಾನು ಮಾತ್ರ ಇನ್ನೊಂದು ತುದಿಯಲ್ಲಿ ಬಹಳ ಹೊತ್ತು ನಿಂತಿದ್ದೆ.

ಈಗ ನನ್ನನ್ನೂ ಸಮ್ಮೇಳನಗಳಿಗೆ ಕರೆಯುತ್ತಾರೆ, ಬೆಳಗಿನ ಹೊತ್ತೇ ಕೊಡುತ್ತಾರೆ. ಕೊನೆಯ ದಿನ, ಊಟದ ನಂತರ, ಹೊಸಬರೆಲ್ಲರ ಆಮೇಲೆ ನನ್ನನ್ನು ಹಾಕಿ ಎಂದು ಕೇಳಿಕೊಳ್ಳುತ್ತೇನೆ. ಸ್ಲೈಡುಗಳನ್ನು ಮಾತ್ರ ತಪ್ಪದೆ ಒಯ್ಯುತ್ತೇನೆ. ಅಷ್ಟು ಧೈರ್ಯ ನನಗಿನ್ನೂ ಬಂದಿಲ್ಲ.