ಕುಮುದಿನಿ ವಾಪಸು ಕೊಟ್ಟ ಬಳೆ

ವಾಷಿಂಗ್ ಮೆಷಿನ್ ದೋಣಿಯಲ್ಲಿ ಬಂತು. ಬಂದರಿನಿಂದ ನದಿ ದಾಟಿಸಿ, ಇಬ್ಬರು ಅದನ್ನು ಹೊತ್ತು ತಂದು ಬೆಂಗ್ರೆಯ ಮನೆಯಂಗಳದಲ್ಲಿ ಇಳಿಸಿದಾಗ ಕುಮುದಿನಿಗೆ ಮೈಯೆಲ್ಲ ಉರಿಯಿತು. ಅವಳ ಮನೆಯಲ್ಲಿ ನಲ್ಲಿಯೇ ಇಲ್ಲ. ನೀರೆಂದರೆ ಬಾವಿ, ಹಗ್ಗ, ಕೊಡಪಾನ.

"ತಮ್ಮ ಕಳಿಸಿದ್ದಾ ಕುಮುದಿನಿಯಕ್ಕ? ನಿಮ್ಮದು ಅದೃಷ್ಟ ಮಾರಾಯ್ರೆ," ಎಂದಳು ಪಕ್ಕದ ಮನೆಯ ನಾಝಿಮಾ.

"ಎಂತ ಅದೃಷ್ಟ? ಕಿಡ್ನಿ ಕೊಟ್ಟದ್ದಕ್ಕೆ ಮೆಷಿನ್ ಸಿಕ್ಕಿತು ಅಂತ ನಾಳೆ ಊರೆಲ್ಲ ಹೇಳ್ತದೆ, ಅಷ್ಟೇ!"

ಅಪ್ಪನ ಹಿಂದೆಯೇ ಅವ್ವನೂ ತೀರಿಹೋದಾಗ ಕುಮುದಿನಿಗೆ ಹದಿನೇಳು, ತಮ್ಮ ರೋಷನ್‌ಗೆ ಆರು. ಅಂದಿನಿಂದ ಮೀನಿನ ಬುಟ್ಟಿ ತಲೆಗೇರಿಸಿದವಳು ಕಂಕನಾಡಿಯ ಮನೆಮನೆ ತಿರುಗಿ ಅವನನ್ನು ಸಾಕಿದಳು. ಮದುವೆಯ ಮಾತು ಬಂದಾಗಲೆಲ್ಲ "ಇವ ಒಂದು ದೊಡ್ಡವನಾಗಲಿ" ಎಂದು ಮುಂದೆ ದೂಡಿದಳು. ದೊಡ್ಡವನಾದ ರೋಷನ್ ಬೋಟಿನ ಇಂಜಿನ್ ಮೆಕ್ಯಾನಿಕ್ ಆದ, ಸೌಜನ್ಯಳನ್ನು ಮದುವೆಯಾಗಿ ಕುಲಶೇಖರದಲ್ಲಿ ಮನೆ ಮಾಡಿದ. ಮೂವತ್ತೈದರಲ್ಲಿ ಅವನ ಎರಡೂ ಕಿಡ್ನಿ ಕೈಕೊಟ್ಟವು. ಅಕ್ಕನದು ಹೊಂದುತ್ತದೆ ಎಂದು ಗೊತ್ತಾದ ದಿನ ಕುಮುದಿನಿ ಎರಡನೆಯ ಮಾತು ಆಡಲಿಲ್ಲ.

ಆಪರೇಷನ್‌ಗೆ ಮುಂಚೆ ಅವಳೊಬ್ಬಳನ್ನೇ ಕೂರಿಸಿ ದೊಡ್ಡ ಡಾಕ್ಟರು ವಿಚಾರಿಸಿದ್ದರು. ಯಾರಾದರೂ ಒತ್ತಾಯ ಮಾಡಿದ್ದಾರಾ? ಬದಲಿಗೆ ಏನಾದರೂ ಕೊಡುತ್ತೇವೆ ಅಂದಿದ್ದಾರಾ? "ಎಂತದೂ ಇಲ್ಲ" ಎಂದು ಹೇಳಿ ಕಾಗದಕ್ಕೆ ಸಹಿ ಹಾಕಿದ್ದಳು.

ಆಪರೇಷನ್ ಆದ ಮೇಲೆ ಅವಳು ಬುಟ್ಟಿ ಹೊರಲಿಲ್ಲ. ಭಾರ ಎತ್ತಿದರೆ ಗಾಯದ ಜಾಗ ಸೆಳೆಯುತ್ತಿತ್ತು. ಮನೆಯ ಜಗಲಿಯಲ್ಲೇ ಕೂತು ಬಲೆ ರಿಪೇರಿ ಮಾಡತೊಡಗಿದಳು. ಮೂವತ್ತು ವರ್ಷ ಮಾತಾಡಿಕೊಂಡು ನಡೆದವಳಿಗೆ ಆ ಕೂರುವುದೇ ದೊಡ್ಡ ಕಷ್ಟ. ರೋಷನ್ ಆದರೂ ಬಂದು ನಾಲ್ಕು ಮಾತಾಡಿದ್ದರೆ! ಅವನು ಬರಲಿಲ್ಲ, ಸಾಮಾನು ಬಂತು. ಮೊದಲು ಫ್ರಿಜ್, ಆಮೇಲೆ ಟಿವಿ, ಈಗ ಈ ಮೆಷಿನ್. ತಿಂಗಳು ಕಳೆಯುವುದರೊಳಗೆ ಪರಿಚಯದವರ ಕೈಯಲ್ಲಿ ಒಂದು ಡಬ್ಬಿ. ಒಳಗೆ ಚಿನ್ನದ ಬಳೆ.

ಕುಮುದಿನಿ ಡಬ್ಬಿಯನ್ನು ಚೀಲಕ್ಕೆ ಹಾಕಿದಳು, ದೋಣಿ ಹತ್ತಿದಳು, ಬಸ್ಸು ಹಿಡಿದು ಕುಲಶೇಖರಕ್ಕೆ ಹೋದಳು. ಮಧ್ಯಾಹ್ನದ ಹೊತ್ತು. ರೋಷನ್ ಊಟಕ್ಕೆ ಕೂತಿದ್ದ. ಬಟ್ಟಲಲ್ಲಿ ಗಂಜಿ, ಪಕ್ಕದಲ್ಲಿ ಸುಟ್ಟ ಒಣಮೀನು. ಅವನ ಕಾಲಿನ ಗಂಟು ಊದಿಕೊಂಡಿತ್ತು.

"ಉಪ್ಪು ಮುಟ್ಟಬೇಡ ಅಂತ ಡಾಕ್ಟರು ಹೇಳಿದ್ದು ಯಾರಿಗೆ, ಗೋಡೆಗಾ?" ಎಂದು ಅವಳು ಒಣಮೀನಿನ ತಟ್ಟೆಯನ್ನೇ ಎಳೆದುಕೊಂಡಳು.

"ನಾನು ಹೇಳಿದ್ರೆ ಕೇಳುದಿಲ್ಲ ಅಕ್ಕ," ಸೌಜನ್ಯ ಅಡುಗೆಮನೆಯಿಂದ ಹೊರಗೆ ಬಂದಳು. "ಭಾನುವಾರವೂ ಕೆಲಸ. ಮಾತ್ರೆ ಎರಡು ದಿನಕ್ಕೊಮ್ಮೆ ಮರೆತುಹೋಗ್ತದೆ. ಕೇಳಿದ್ರೆ, ಅಕ್ಕನಿಗೆ ಬಳೆ ಆಗಬೇಕು ಅಂತಾರೆ."

ಕುಮುದಿನಿ ಡಬ್ಬಿ ತೆಗೆದು ಅವನ ಮುಂದೆ ಕುಕ್ಕಿದಳು.

"ನಾನು ಕಿಡ್ನಿ ಮಾರಿದ್ದಾ ನಿನಗೆ? ಬದಲಿಗೆ ಎಂತದೂ ತಗೊಳ್ಳುದಿಲ್ಲ ಅಂತ ಸಹಿ ಹಾಕಿ ಕೊಟ್ಟವಳು ನಾನು. ನನ್ನನ್ನು ಸುಳ್ಳಿ ಮಾಡ್ತೀಯಲ್ಲ ಮಾರಾಯ!"

ರೋಷನ್ ತಲೆ ಎತ್ತಲಿಲ್ಲ. "ಬುಟ್ಟಿ ಇಲ್ಲದೆ ನೀನು ಜಗಲಿಯಲ್ಲಿ ಕೂತದ್ದು ನೋಡಲಿಕ್ಕೆ ಆಗುದಿಲ್ಲ ಅಕ್ಕ. ನನ್ನಿಂದಲೇ ಹಾಗಾದದ್ದಲ್ವಾ?"

"ನೋಡಲಿಕ್ಕೆ ಆಗದಿದ್ರೆ ಫ್ರಿಜ್ ಕಳಿಸುದಾ? ಫ್ರಿಜ್ ನನ್ನ ಹತ್ರ ಮಾತಾಡ್ತದಾ? ಬುಟ್ಟಿ ಹೋದ್ರೆ ಹೋಗಲಿ ಅಂತ ಬಿಟ್ಟದ್ದು ನೀನು ಉಳೀಲಿ ಅಂತ. ನೀನು ಅದನ್ನೇ ಹಾಳು ಮಾಡಿ ನನಗೆ ಬಳೆ ತರ್ತೀಯಲ್ಲ! ಕೊಡುದೇ ಆದ್ರೆ, ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ ನುಂಗಿ ನನಗೊಂದು ಫೋನ್ ಮಾಡು. ಬೇರೆ ಎಂತದೂ ಬೇಡ."

ಸೌಜನ್ಯ ಊಟಕ್ಕೆ ಕರೆದಳು. ಕುಮುದಿನಿ ಕೂರಲಿಲ್ಲ. ಬಳೆ ಅಲ್ಲೇ ಬಿಟ್ಟು ಬಸ್ಸಿಗೆ ಹೊರಟಳು. ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು, ಸಿಟ್ಟು ಮಾತ್ರ ಇಳಿಯಲಿಲ್ಲ.

ಫೋನ್ ಬರತೊಡಗಿತು. ಹೇಳಿದ ಹೊತ್ತಿಗೆ ಬಂದದ್ದು ಅರ್ಧ, ಇವಳೇ ಮಾಡಿ ಬೈದದ್ದು ಅರ್ಧ. ಒಂದು ದಿನ ಒಂಬತ್ತಾದರೂ ಅವನು ಫೋನೆತ್ತದೆ ಇದ್ದಾಗ ಅವಳು ಬಲೆ ಬಿಸಾಡಿ ದೋಣಿಯ ಕಡೆಗೆ ಅರ್ಧ ದಾರಿ ನಡೆದಿದ್ದಳು. ಚಾರ್ಜ್ ಇರಲಿಲ್ಲವಂತೆ. ಈ ತಿಂಗಳ ರಕ್ತಪರೀಕ್ಷೆಯಲ್ಲಿ ಎಲ್ಲ ಸರಿ ಉಂಟು ಎಂದರಂತೆ ಡಾಕ್ಟರು. ಅದನ್ನು ಹೇಳಲಿಕ್ಕೆ ಫೋನ್ ಮಾಡಿದವನು ಮೆಲ್ಲಗೆ ಕೇಳಿದ:

"ಅಕ್ಕ, ದೀಪಾವಳಿ ಬಂತಲ್ಲ. ಒಂದು ಸೀರೆ ಆದ್ರೂ ತರ್ಲಾ?"

ಕುಮುದಿನಿ ಫೋನ್ ಕಟ್ ಮಾಡಿದಳು. ಮರುಗಳಿಗೆಯಲ್ಲೇ ಅದು ಮತ್ತೆ ಹೊಡೆದುಕೊಂಡಿತು. ಮಾತ್ರೆ ನುಂಗಿದ್ದೇನೆ ಎಂದು ಹೇಳುವುದನ್ನೇ ಅವನು ಮರೆತಿದ್ದ.