ಓದು ಬಂದವರ ಊರು

ಊಟದ ಟೇಬಲ್ ತುಂಬ ಗೋಂದಿನ ವಾಸನೆ. ದೋಹಾದ ಅಲ್ ಮನ್ಸೂರಾ ಬಡಾವಣೆಯ ಈ ಫ್ಲ್ಯಾಟಿನಲ್ಲಿ ಮೊಮ್ಮಗಳು ರಿಯಾ ಚಾರ್ಟ್ ಹರಡಿದಳೆಂದರೆ ನಮಗೆಲ್ಲ ತೊಡೆಯ ಮೇಲೆ ತಟ್ಟೆ ಅನ್ನಿ. ಈ ಸಲ ಹಡಗು. ತಮ್ಮ ರೀತಿ ಪ್ರಾರ್ಥಿಸಲು ಬಿಡದ ಊರನ್ನು ತೊರೆದು, ಬೈಬಲ್ ಹಿಡಿದು ಸಮುದ್ರ ದಾಟಿದ ಪ್ರೊಟೆಸ್ಟೆಂಟರು ಅಮೆರಿಕಕ್ಕೆ ಬುನಾದಿ ಹಾಕಿದ ಹಿಸ್ಟರಿ ಪಾಠ. ಇನ್ನು ಪ್ರತಿ ಮಗುವೂ ತನ್ನ ನೇಷನ್ ಹೇಗೆ ಹುಟ್ಟಿತೆಂದು ಕ್ಲಾಸಿನಲ್ಲಿ ಹೇಳಬೇಕಂತೆ.

ಇಂಡಿಯಾ ಅಂತ ಬರಿ, ಖಲಾಸ್, ಎಂದ ನನ್ನ ಮಗ. ದೋಹಾದಲ್ಲೇ ಹುಟ್ಟಿ, ಊರನ್ನು ರಜೆಯಲ್ಲಷ್ಟೇ ಕಂಡ ಹುಡುಗಿಗೆ ಅದು ಇನ್ಯಾರದೋ ಅಂಗಿ ತೊಟ್ಟ ಹಾಗೆ.

"ಅಜ್ಜಿ, ನಾನು ನಿಜಕ್ಕೂ ಎಲ್ಲಿಯವಳು?"

ನಾನೂ ಇದಕ್ಕೆ ಸಿಕ್ಕಿಬಿದ್ದವಳೇ. ಮಂಗಳೂರಿನ ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಪ್ರೊಟೆಸ್ಟೆಂಟಳಾದ ನನ್ನನ್ನು ನೋಡಿ, ಕೊಂಕಣಿ ಬಾರದ ನೀನು ಎಂಥ ಕ್ರಿಶ್ಚಿಯನ್ ಮಾರಾಯ್ತಿ ಎಂದು ನಗುತ್ತಿದ್ದರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ಸಿಸ್ಟರ್ ಎದುರು ಇಂಗ್ಲಿಷ್. ಹಾಗಾದರೆ ನಾವು ಎಲ್ಲಿಯವರು ಎಂದು ಕೊನೆಗೆ ನನ್ನ ಅಜ್ಜಿಯನ್ನೇ ಕೇಳಿದೆ.

ಅವಳ ಅಪ್ಪ ಕ್ರೈಸ್ತರಾದದ್ದೇ ತಡ, ಮನೆಯವರು ಹೊರಗೆ ಹಾಕಿದರಂತೆ. ಮಿಷನ್ ಕಂಪೌಂಡಿನಲ್ಲಿ ಜಾಗ ಸಿಕ್ಕಿತು, ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಒಂದು ಕಟ್ಟುನಿಟ್ಟು: ದೇವರ ಮಾತನ್ನು ಪ್ರತಿಯೊಬ್ಬರೂ ತಾವೇ ಓದಬೇಕು, ಹೆಂಗಸರೂ. ಒಲೆ ಊದುತ್ತಲೇ ಅಜ್ಜಿ ಅಕ್ಷರ ಕಲಿತಳು.

"ಹೊರಗೆ ಹಾಕಿದ ಮೇಲೆ ನಮಗೆ ಊರೇ ಇರ್ಲಿಲ್ಲ ಮಗಾ. ಓದ್ಲಿಕ್ಕೆ ಬಂತು ನೋಡು, ಮತ್ತೆ ಎಲ್ಲಿ ಕೂತ್ರೂ ಅದು ನಮ್ಮ ಊರೇ," ಎಂದಿದ್ದಳು ಅಜ್ಜಿ.

ಇದನ್ನು ಹೇಳಿ ನಾನು ಬೀಗುತ್ತಿದ್ದರೆ ರಿಯಾ ಹಡಗಿನ ಮೇಲೆ ಬೆರಳಿಟ್ಟು, ಇವರು ಇಳಿದಲ್ಲಿ ಮೊದಲೇ ಜನ ಇದ್ದರಲ್ಲ, ಅವರನ್ನು ಹೊರಗೆ ಹಾಕಿದ್ದು ಯಾರು ಎಂದಳು. ಇವರೇ, ಎಂದು ಒಪ್ಪಿಕೊಂಡೆ. ಅದನ್ನೂ ಚಾರ್ಟಿನಲ್ಲಿ ಬರೆದಳು.

ಗುರುವಾರ ಸ್ಕೂಲಿನಿಂದ ಬಂದವಳು ಶೂ ಕೂಡ ಬಿಚ್ಚದೆ ನನ್ನ ಮಂಚದ ತುದಿಯಲ್ಲಿ ಕುಳಿತಳು. ನಮ್ಮವರು ಓದಿನಿಂದ ಊರು ಕಟ್ಟಿಕೊಂಡವರು ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಒಬ್ಬಳು ಮಾತ್ರ, ಹಾಗಾದರೆ ಬೋರ್ಡಿನ ಮೇಲೆ ನಿನ್ನ ಭಾಷೆ ಬರೆದು ತೋರಿಸು ಎಂದಳಂತೆ.

"ನನಗೆ ಬರ್ಲಿಲ್ಲ ಅಜ್ಜಿ. ಕಲಿಸ್ತೀರಾ?"

ಮುದಿತನದ ವೇಯ್ಟಿಂಗ್ ರೂಮ್ ಅಂದುಕೊಂಡು ದೋಹಾಕ್ಕೆ ಬಂದವಳು ನಾನು. ಈಗ ಸಂಜೆಯಾದರೆ ಕನ್ನಡ ಟೀಚರ್. ನಿನ್ನೆ ಮೆಟ್ರೋ ಕಡೆ ನಡೆಯುವಾಗ ಹೋಟೆಲೊಂದರ ಗಾಜಿನ ಮೇಲೆ, ಅರಬ್ಬಿ, ಮಲಯಾಳಂಗಳ ಕೆಳಗೆ, ಕನ್ನಡ ಕಂಡಿತು. ರಿಯಾ ಫುಟ್‌ಪಾತಿನ ನಡುವೆಯೇ ನಿಂತುಬಿಟ್ಟಳು. ನೀ... ರು... ದೋ... ಸೆ. ಜನ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಯಾರೂ ಪಕ್ಕಕ್ಕೆ ಸರಿ ಎನ್ನಲಿಲ್ಲ.