ಅತ್ತೆಯ ಮಂಡಿನೋವು

ದೇರೆಬೈಲಿನ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಾಣಂತಿಯರು ಒಬ್ಬರೇ ಬರುವುದು ಕಡಿಮೆ. ಆ ದಿನ ಬಂದ ಬ್ಯಾರಿ ಹುಡುಗಿಯ ಜೊತೆಗೂ ಅತ್ತೆ ಇದ್ದರು. ನಾನು ಕೇಳಿದ್ದಕ್ಕೆಲ್ಲ ಅತ್ತೆಯದೇ ಉತ್ತರ. "ಹೆತ್ತವರಿಗೆ ಇದೆಲ್ಲ ಇರುವುದೇ ಅಲ್ವಾ ಡಾಕ್ಟ್ರೇ? ಇದಕ್ಕೂ ಎಂತ ವ್ಯಾಯಾಮ?"

ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದಳು: "ಹೆರಿಗೆಯಾಗಿ ನಲ್ವತ್ತು ದಿನ ಕಳೆದು ನಮಾಜು ಶುರು ಮಾಡಿದೆ. ಹಣೆ ನೆಲಕ್ಕಿಡಲು ಬಾಗಿದರೆ ಮೂತ್ರ ಜಾರ್ತದೆ. ಮತ್ತೆ ತೊಳೆದುಕೊಂಡು ಮೊದಲಿಂದ ಮಾಡ್ಬೇಕು. ಈಗ ದೇವರ ಎದುರು ನಿಲ್ಲಲಿಕ್ಕೇ ಹೆದರಿಕೆ."

ಮೂತ್ರ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಬಿಗಿಹಿಡಿದು ಮೆಲ್ಲಗೆ ಸಡಿಲ ಬಿಡುವುದನ್ನು ನಾನು ಸೊಸೆಗೆ ಹೇಳಿಕೊಡುತ್ತಿದ್ದೆ. ತಿರುಗಿ ನೋಡಿದರೆ, ಮೂಲೆಯ ಕುರ್ಚಿಯಲ್ಲಿ ಅತ್ತೆಯೂ ಕಣ್ಣು ಮುಚ್ಚಿ, ಉಸಿರು ಕಟ್ಟಿ ಕೂತಿದ್ದಾರೆ.

"ಉಸಿರು ಬಿಡಿ ಅಮ್ಮ," ಎಂದೆ.

ಅವರು ಕಣ್ಣು ತೆರೆದರು. "ಸಣ್ಣ ಮಗ ಹುಟ್ಟಿದ ಮೇಲೆ ನನ್ನ ನಮಾಜು ಕುರ್ಚಿಯಲ್ಲೇ. ಮನೆಯಲ್ಲಿ ಮಂಡಿನೋವು ಅಂತ ಹೇಳಿದ್ದೇನೆ. ಈ ಪ್ರಾಯದಲ್ಲಿ ಸರಿಯಾಗ್ಲಿಕ್ಕುಂಟಾ?"

ಸೊಸೆ ಅವರನ್ನೇ ನೋಡುತ್ತಾ ನಿಂತಳು. ಆ ಮಂಡಿಗೆ ದಿನಾ ಎಣ್ಣೆ ತಿಕ್ಕುತ್ತಿದ್ದವಳು ಅವಳೇ.

ಈಗ ಇಬ್ಬರೂ ಒಟ್ಟಿಗೆ ವ್ಯಾಯಾಮಕ್ಕೆ ಬರುತ್ತಾರೆ. ದುಬೈಯಲ್ಲಿರುವ ಮಗನಿಗೆ ವಿಷಯ ಇನ್ನೂ ಹೇಳಿಲ್ಲವಂತೆ. ಅವನು ಊರಿಗೆ ಬಂದಾಗಲೆಲ್ಲ ಅಮ್ಮನಿಗೆ ಮಂಡಿನೋವಿನ ಎಣ್ಣೆ ತರುತ್ತಾನೆ. ಮೊನ್ನೆ ಅದರಲ್ಲೊಂದು ಬಾಟಲಿಯನ್ನು ಅತ್ತೆ ನನ್ನ ಮೇಜಿನ ಮೇಲಿಟ್ಟು ಹೋದರು. ಒಳ್ಳೆಯ ಎಣ್ಣೆ. ದಿನವಿಡೀ ನಿಂತು ಬಂದ ನನ್ನ ಮಂಡಿನೋವು ನಿಜವಾದದ್ದು.